ಜಿನ್ ಮತ್ತು ಟಾನಿಕ್: ಔಷಧಿ ಅಂತ ಯಾರು ಕುಡಿದರು?

ನೋಟು ಅಸಲಿಯೋ ನಕಲಿಯೋ ಅಂತ ನೋಡುವ ಅಲ್ಟ್ರಾವಯಲೆಟ್ ಟಾರ್ಚ್ ಸಿಗುತ್ತದಲ್ಲ, ಅಂಥದ್ದೊಂದು ನಮ್ಮ ಮನೆಯಲ್ಲಿದೆ. ಮೊನ್ನೆ ರಾತ್ರಿ ದೀಪ ಆರಿಸಿ, ಒಂದು ಲೋಟ ಟಾನಿಕ್ ವಾಟರ್‌ಗೆ ಅದನ್ನು ಹಿಡಿದೆ. ಟಾನಿಕ್ ಅಂದರೆ ಜಿನ್ ಜೊತೆ ಬೆರೆಸುವ, ಗ್ಯಾಸ್ ತುಂಬಿದ ಕಹಿ ಪಾನೀಯ. ನೀರಿನ ಹಾಗೆ ಕಾಣುತ್ತಿದ್ದದ್ದು ತಿಳಿನೀಲಿಯಾಗಿ ಹೊಳೆಯತೊಡಗಿತು. ಪಕ್ಕದ ಲೋಟದಲ್ಲಿದ್ದ ಸೋಡಾಗೆ ಹಿಡಿದರೆ ಏನೂ ಇಲ್ಲ.

ಟಾನಿಕ್‌ನಲ್ಲಿರುವ ಕ್ವಿನೈನ್ ಎಂಬ ಕಹಿ ವಸ್ತು ಮಾಡುವ ಕೆಲಸ ಇದು. ನಮ್ಮ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನು ಅದು ನುಂಗುತ್ತದೆ, ಕಾಣುವ ನೀಲಿಯಾಗಿ ಹೊರಬಿಡುತ್ತದೆ. 1845ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಈ ನೀಲಿಯ ಬಗ್ಗೆ ಬರೆದ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದಕ್ಕೆ ಕಾರಣ ಹೇಳಿದ. ಫ್ಲೋರೆಸೆನ್ಸ್ ಎಂಬ ಹೆಸರು ಕೊಟ್ಟದ್ದೂ ಅವನೇ.

ಈಗ ಜಿನ್ ವಿಷಯಕ್ಕೆ ಬರೋಣ. ಜಿನ್ ಟಾನಿಕ್ ಲೋಟ ಕೈಗೆ ಬಂದ ಕೂಡಲೇ ಯಾರಾದರೊಬ್ಬರು ಒಂದು ಕಥೆ ಶುರುಮಾಡುತ್ತಾರೆ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಮಲೇರಿಯಾ ಬಾರದಿರಲಿ ಅಂತ ಕ್ವಿನೈನ್ ತೆಗೆದುಕೊಳ್ಳಬೇಕಿತ್ತಂತೆ, ಆ ಕಹಿ ತಡೆಯಲಾರದೆ ಜಿನ್ ಬೆರೆಸಿದರಂತೆ. ಕಥೆ ಚೆನ್ನಾಗಿದೆ. ಆದರೆ ಲೆಕ್ಕ ಕೂಡುವುದಿಲ್ಲ.

ಕ್ವಿನೈನ್ ಔಷಧಿ ಅನ್ನುವುದರಲ್ಲಿ ಅನುಮಾನವಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಸಿಂಕೋನಾ ಮರದ ತೊಗಟೆ 17ನೇ ಶತಮಾನದಲ್ಲೇ ಯುರೋಪಿಗೆ ಹೋಗಿತ್ತು. ಜೆಸ್ಯೂಟ್ ಪಾದ್ರಿಗಳು ತಂದದ್ದರಿಂದ ಅದಕ್ಕೆ ಅವರ ಹೆಸರೇ ಅಂಟಿಕೊಂಡಿತು. 1820ರಲ್ಲಿ ಪ್ಯಾರಿಸ್‌ನ ಪೆಲ್ಟಿಯೆ ಮತ್ತು ಕವೆಂತೂ ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ಹೊತ್ತಿಗೆ ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಮಾರ್ಕಮ್ ಸಿಂಕೋನಾವನ್ನು ನೀಲಗಿರಿಗೆ ತರಿಸಿದ. ಮೈಸೂರಿನಿಂದ ಗೂಡಲೂರು ದಾರಿಯಾಗಿ ಊಟಿಗೆ ಹೋದವರೆಲ್ಲ ನಡುವಟ್ಟಂ ದಾಟಿರುತ್ತಾರೆ. ಈಗ ಅಲ್ಲಿ ಚಹಾ ತೋಟ ನೋಡಿ ಫೋಟೋ ತೆಗೆಯುತ್ತೇವೆ. ಒಂದು ಕಾಲಕ್ಕೆ ಸಿಂಕೋನಾ ತೋಟವೂ ಕ್ವಿನೈನ್ ಕಾರ್ಖಾನೆಯೂ ಇದ್ದ ಊರು ಅದು.

ಟಾನಿಕ್ ಹುಟ್ಟಿದ್ದು ಮಾತ್ರ ಲಂಡನ್ನಿನಲ್ಲಿ. 1858ರಲ್ಲಿ ಎರಾಸ್ಮಸ್ ಬಾಂಡ್ ಎಂಬಾತ ಗ್ಯಾಸ್ ತುಂಬಿದ ಟಾನಿಕ್‌ಗೆ ಪೇಟೆಂಟ್ ಪಡೆದ. ಅದಕ್ಕೆ ಜಿನ್ ಸೇರಿದ ಸುದ್ದಿ ಅಚ್ಚಿನಲ್ಲಿ ನಮಗೆ ಸಿಗುವುದು 1868ರಲ್ಲಿ, ಭಾರತದ ಒಂದು ಕ್ರೀಡಾ ಪತ್ರಿಕೆಯಲ್ಲಿ. ಜ್ವರ ಬಂದು ಮಲಗಿದವರ ಸುದ್ದಿ ಅಂದುಕೊಂಡಿರಾ? ಕುದುರೆ ರೇಸು ಮುಗಿದ ಮೇಲೆ ಜನ ‘ಜಿನ್ ಟಾನಿಕ್ ತನ್ನಿ’ ಅಂತ ಕೂಗಿದ ಸುದ್ದಿ! ಜೊತೆಗೆ ಚುಟ್ಟಾ ಬೇರೆ ಕೇಳಿದ್ದರು. ಔಷಧಿಗೆ ಯಾರಾದರೂ ಹಾಗೆ ಕೂಗಾಡುತ್ತಾರಾ?

ಲೆಕ್ಕಕ್ಕೇ ಬರೋಣ. ಮಲೇರಿಯಾ ಬಂದ ದೊಡ್ಡವರಿಗೆ ಕ್ವಿನೈನ್ ಕೊಡುವುದಾದರೆ ದಿನಕ್ಕೆ ಸುಮಾರು 1,800 ಮಿಲಿಗ್ರಾಂ ಬೇಕು. ಅಮೆರಿಕದ ನಿಯಮದಂತೆ ಇಂದಿನ ಟಾನಿಕ್‌ನಲ್ಲಿ ಲೀಟರಿಗೆ 83 ಮಿಲಿಗ್ರಾಂ ಮೀರುವಂತಿಲ್ಲ. ಭಾಗಿಸಿ ನೋಡಿ. ಬೆಂಗಳೂರಿನ ಮನೆಗಳಿಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಪೂರ್ತಿ ಟಾನಿಕ್ ಕುಡಿದರೂ ಒಂದು ದಿನದ ಡೋಸ್ ಮುಗಿಯುವುದಿಲ್ಲ. ಪಾಲಿಗೆ ತಕ್ಕಷ್ಟು ಜಿನ್ ಬೇರೆ ಸೇರಿಸಿದರೆ, ಮಲೇರಿಯಾಕ್ಕಿಂತ ಮೊದಲು ಅದೇ ಮಲಗಿಸುತ್ತದೆ.

ಹಾಗಾದರೆ ಇಷ್ಟು ವರ್ಷ ಇದನ್ನು ಜನ ಬಿಡದೆ ಕುಡಿಯುತ್ತಿರುವುದು ಯಾಕೆ? ನನ್ನ ಪ್ರಕಾರ ಕಹಿಗಾಗಿಯೇ. ಮನುಷ್ಯರಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳು, ಅಂದರೆ ರುಚಿ ಹಿಡಿಯುವ ಪ್ರೋಟೀನುಗಳು, ಸುಮಾರು 25 ಬಗೆಯವು. ಸಿಹಿಗೆ ಇಷ್ಟು ಕಾವಲುಗಾರರಿಲ್ಲ. ಗಿಡಗಳ ವಿಷ ಹೆಚ್ಚಾಗಿ ಕಹಿ, ಅದಕ್ಕೇ ಈ ಎಚ್ಚರ. ಕ್ವಿನೈನ್ ಅಂತೂ ಇವುಗಳಲ್ಲಿ ಹಲವನ್ನು ಒಟ್ಟಿಗೆ ತಟ್ಟುತ್ತದೆ. ಮಗುವಿನ ಬಾಯಿಗೆ ಕಹಿ ಇಟ್ಟರೆ ಉಗುಳುತ್ತದೆ. ದೊಡ್ಡವರಾದ ಮೇಲೆ ಅದೇ ನಾವು ಕಾಸು ಕೊಟ್ಟು ಕಹಿ ತರುತ್ತೇವೆ.

ಹಾಗಲಕಾಯಿ ಗೊಜ್ಜು ಮಾಡುವವರಿಗೆ ಈ ಗುಟ್ಟು ಗೊತ್ತು. ಬೆಲ್ಲ, ಹುಣಸೆಹುಳಿ, ಉಪ್ಪು ಬಿದ್ದರೆ ಕಹಿ ಹೋಗುವುದಿಲ್ಲ, ಹದಕ್ಕೆ ಬರುತ್ತದೆ. ಟಾನಿಕ್ಕೂ ಅಷ್ಟೇ. ಕಹಿ ಅಂತ ಮುಖ ಕಿವುಚುವವರು ಬಾಟಲಿಯ ಹಿಂದಿನ ಚೀಟಿ ಓದಲಿ: ಡಯಟ್ ಅಲ್ಲದ ಮಾಮೂಲಿ ಟಾನಿಕ್‌ನಲ್ಲಿ ಸಕ್ಕರೆ ಧಾರಾಳ. ಹುಳಿಗೆ ಸಿಟ್ರಿಕ್ ಆಮ್ಲ, ಮೇಲೆ ನಿಂಬೆಹೋಳು. ಗ್ಯಾಸಿನದೂ ಒಂದಿಷ್ಟು ಹುಳಿ ಚುರುಕು ಇರುತ್ತದೆ. ಐಸ್ ಹಾಕಿದರೆ ಆ ಗ್ಯಾಸ್ ಬೇಗ ಹಾರಿಹೋಗುವುದಿಲ್ಲ, ತಣ್ಣಗಿನ ದ್ರವ ಅದನ್ನು ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಜಿನ್ನಿನ ಪಾಲು ಪರಿಮಳ. ಅದು ಬರುವುದು ಮುಖ್ಯವಾಗಿ ಜೂನಿಪರ್ ಎಂಬ ಗಿಡದ ಕಾಯಿಯಿಂದ. ಜೂನಿಪರ್‌ನಲ್ಲಿರುವ ಆಲ್ಫಾ ಪೈನೀನ್ ಎಂಬ ವಸ್ತು ಪೈನ್ ಮರದಲ್ಲೂ ಇದೆ. ಅದಕ್ಕೇ ಮೂಸಿದರೆ ಕಾಡಿನ ನೆನಪು. ಅಂದಹಾಗೆ, ಎಲ್ಲರೂ ಹಣ್ಣು ಅನ್ನುವ ಆ ಜೂನಿಪರ್ ಹಣ್ಣಲ್ಲ, ಪೈನ್ ಕಾಯಿಯ ಹಾಗೆ ಒಂದು ಕೋನು.

ಮತ್ತೆ ನನ್ನ ಕತ್ತಲೆ ಕೋಣೆಗೆ. ಹೊಳೆಯುತ್ತಿದ್ದ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಉದುರಿಸಿದೆ. ನೊರೆ ಬುಸ್ಸೆಂದು ಉಕ್ಕಿ ಮೇಜೆಲ್ಲ ಒದ್ದೆ. ನೊರೆ ಇಳಿದ ಮೇಲೆ ಟಾರ್ಚ್ ಹಿಡಿದರೆ ನೀಲಿ ಮಂಕಾಗಿತ್ತು. ಅರ್ಧ ಚಮಚ ಹಾಕಿದಾಗ ಹೆಚ್ಚುಕಡಿಮೆ ಆರಿಯೇ ಹೋಯಿತು. ಕ್ವಿನೈನ್ ಅಣು ನುಂಗಿದ ಶಕ್ತಿ ಬೆಳಕಾಗಿ ಹೊರಬರುವ ಮೊದಲೇ ಉಪ್ಪಿನ ಕ್ಲೋರೈಡ್ ಡಿಕ್ಕಿ ಹೊಡೆದು ಅದನ್ನು ಪೋಲು ಮಾಡುತ್ತದೆ. ಇನ್ನೊಂದು ಲೋಟಕ್ಕೆ ಬರೀ ನಾಲ್ಕು ಹರಳು ಹಾಕಿ ಕುಡಿದು ನೋಡಿದೆ. ಕಹಿ ಒಂದು ಮೆಟ್ಟಿಲು ಇಳಿದಿತ್ತು. ಇದು ಕ್ಲೋರೈಡಿನದಲ್ಲ, ಸೋಡಿಯಂ ಕೆಲಸ.