ಚೆಂಡು ಕಲ್ಲಾಗುವ ಶನಿವಾರ

ಅಮೆರಿಕನ್ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡು, ಆದರೆ ಆಡುವುದೆಲ್ಲ ಕೈಯಲ್ಲೇ. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಓಡಬೇಕು, ಇಲ್ಲವೇ ಜೊತೆಯವನಿಗೆ ಎಸೆಯಬೇಕು. ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲವೆಂದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ಆದಷ್ಟು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಇದಕ್ಕೆ ಪಂಟ್ ಅಂತ ಹೆಸರು. ಬೇರೆ ದಾರಿ ಕಾಣದಾಗ ಮಾಡುವ ಕೆಲಸ ಇದು.

1950ರ ನವೆಂಬರ್ 25ರ ಶನಿವಾರ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಒಂದೇ ಪಂದ್ಯದಲ್ಲಿ 45 ಪಂಟ್ ಆದವು. ಮಿಷಿಗನ್ ವಿಶ್ವವಿದ್ಯಾಲಯದವರು 24 ಸಲ ಒದ್ದರು, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 21 ಸಲ. ಎಷ್ಟೋ ಸಲ ನಾಲ್ಕನೆಯ ಅವಕಾಶದ ತನಕ ಕಾಯಲೇ ಇಲ್ಲ, ಮೊದಲನೆಯದರಲ್ಲೇ ಒದ್ದುಬಿಟ್ಟರು. ಮಿಷಿಗನ್ ಒಂದು ಸರದಿಯಲ್ಲೂ ಹತ್ತು ಗಜ ಪೂರೈಸಲಿಲ್ಲ. ಎಸೆದ ಒಂಬತ್ತು ಚೆಂಡುಗಳಲ್ಲಿ ಒಂದೂ ಜೊತೆಯವರ ಕೈ ಸೇರಲಿಲ್ಲ. ಆದರೂ 9-3ರಿಂದ ಗೆದ್ದಿತು! ಒಹಾಯೊದವರು ಒದ್ದ ಚೆಂಡನ್ನು ಮಿಷಿಗನ್‌ನವರು ಎರಡು ಸಲ ಅಡ್ಡಗಟ್ಟಿದರು ನೋಡಿ, ಆ ಒಂಬತ್ತೂ ಅಂಕ ಅಲ್ಲಿಂದಲೇ ಬಂದವು. ಅಮೆರಿಕದ ಜನ ಈ ಪಂದ್ಯವನ್ನು ಇವತ್ತಿಗೂ ಸ್ನೋ ಬೌಲ್ ಎಂದು ನೆನೆಯುತ್ತಾರೆ.

ಅವತ್ತು ಹಿಮದ ಬಿರುಗಾಳಿ. ಮೈನಸ್ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ, ಗಂಟೆಗೆ 45 ಕಿಲೋಮೀಟರ್ ದಾಟಿದ ಗಾಳಿ. ಅಂಥದ್ದರಲ್ಲೂ 50,000ಕ್ಕೂ ಹೆಚ್ಚು ಜನ ಕೂತು ನೋಡಿದರು.

ಇಂಥ ಪಂದ್ಯಗಳ ಮಾತು ಬಂದಾಗ ‘ಗುಂಡಿಗೆ ಗಟ್ಟಿ ಇದ್ದವರು ಗೆಲ್ಲುತ್ತಾರೆ’ ಅನ್ನುವವರು ಬಹಳ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಚಳಿ ಗುಂಡಿಗೆಯ ತನಕ ಹೋಗುವುದು ಆಮೇಲೆ. ಮೊದಲು ಅದು ಹಿಡಿಯುವುದು ಬೆರಳ ತುದಿಯನ್ನು.

ಮೈ ತಣ್ಣಗಾಗುತ್ತಿದೆ ಅನ್ನಿಸಿದ ಕೂಡಲೇ ನಮ್ಮ ದೇಹ ಒಂದು ಲೆಕ್ಕ ಹಾಕುತ್ತದೆ. ಹೃದಯ, ಮಿದುಳು, ಲಿವರ್ ಬೆಚ್ಚಗಿರಲೇಬೇಕು. ಬೆರಳು ಸ್ವಲ್ಪ ಹೊತ್ತು ತಣ್ಣಗಿದ್ದರೂ ಜೀವಕ್ಕೆ ಅಪಾಯವಿಲ್ಲ. ಹಾಗಾಗಿ ಕೈಕಾಲಿನ ತುದಿಯ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಅಲ್ಲಿಗೆ ಹೋಗುವ ಬಿಸಿ ರಕ್ತ ಕಡಿಮೆಯಾಗುತ್ತದೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ನಾಜೂಕಿನ ಕೆಲಸ ಕೈಗೆ ಹತ್ತುವುದಿಲ್ಲ. 8 ಡಿಗ್ರಿಯ ಹತ್ತಿರ ಬಂದರೆ ಸ್ಪರ್ಶವೇ ತಿಳಿಯುವುದಿಲ್ಲ. ನರಗಳೂ ನಿಧಾನವಾಗುತ್ತವೆ: ಸೆಕೆಂಡಿಗೆ 50-60 ಮೀಟರ್ ಓಡುವ ಸಂದೇಶ, ನರದ ಉಷ್ಣತೆ ಒಂದೊಂದು ಡಿಗ್ರಿ ಇಳಿದಾಗಲೂ ಸುಮಾರು 2 ಮೀಟರಿನಷ್ಟು ವೇಗ ಕಳೆದುಕೊಳ್ಳುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಬೆರಳನ್ನು ಮಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಬಲಗೈ ಮುಷ್ಟಿ ಕಟ್ಟಿ, ಎಡಗೈಯಿಂದ ಮೊಣಕೈ ಕೆಳಗೆ ಮುಟ್ಟಿ ನೋಡಿ, ಅಲ್ಲಿ ಮಿಸುಕಾಡುವುದು ಗೊತ್ತಾಗುತ್ತದೆ. ಮುಂಗೈ ಬೆಚ್ಚಗಿದ್ದರೆ, ಬೆರಳು ಮರಗಟ್ಟಿದ್ದರೂ ಹಿಡಿತದ ಬಲ ಒಂದಷ್ಟು ಉಳಿದಿರುತ್ತದೆ. ಆದರೆ ಚೆಂಡು ಜಾರುತ್ತಿದೆಯೋ ಇಲ್ಲವೋ ಅನ್ನುವುದು ತಿಳಿಯುವುದಿಲ್ಲ. ಜಾರಿದ ಮೇಲೆ ಗೊತ್ತಾಗುತ್ತದೆ, ಅಷ್ಟೇ. ಜೊತೆಗೆ ಒಣಗಿದ ಚರ್ಮಕ್ಕೆ ತೊಗಲಿನ ಚೆಂಡಿನ ಮೇಲೆ ಹಿಡಿತವೂ ಕಡಿಮೆ. ಸ್ವಲ್ಪ ತೇವವಿದ್ದರೇ ಬೆರಳು ಚೆನ್ನಾಗಿ ಕಚ್ಚಿಕೊಳ್ಳುವುದು. ನೋಟು ಎಣಿಸುವವರು ಬೆರಳು ಒದ್ದೆ ಮಾಡಿಕೊಳ್ಳುತ್ತಾರಲ್ಲ, ಹಾಗೆ.

ಈಗ ಆ 45 ಪಂಟ್‌ಗಳ ಲೆಕ್ಕ ಸರಿಹೋಯಿತು, ಅಲ್ವಾ? ನಮ್ಮ ಗೋಲಿನ ಹತ್ತಿರ ಚೆಂಡು ಹಿಡಿದುಕೊಂಡಿರುವುದೇ ಅಪಾಯ. ಒದ್ದು ಆಚೆ ಕಳಿಸಿದರೆ, ಎಡವುವ ಸರದಿ ಎದುರಾಳಿಯದು.

ಎಸೆಯುವ ಆಟಗಾರರು ಇವತ್ತು ಹೊಟ್ಟೆಯ ಮುಂದೆ ಕೊಳವೆಯಂಥ ಚೀಲವೊಂದನ್ನು ಕಟ್ಟಿಕೊಂಡು, ಆಟದ ನಡುವೆ ಅದರೊಳಗೆ ಕೈ ತೂರಿಸಿ ನಿಲ್ಲುತ್ತಾರೆ. ಚೀಲದೊಳಗೆ ಪುಟ್ಟ ಬಿಸಿ ಪೊಟ್ಟಣಗಳಿರುತ್ತವೆ. ಪೊಟ್ಟಣದಲ್ಲಿ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಒಂದಿಷ್ಟು ತೇವ. ಹೊರಗಿನ ಪ್ಲಾಸ್ಟಿಕ್ ಹರಿದರೆ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯಲು ಶುರುವಾಗುತ್ತದೆ. ನಮ್ಮ ಮನೆಯ ಗೇಟು ವರ್ಷಗಟ್ಟಲೆ ತುಕ್ಕು ಹಿಡಿಯುತ್ತಾ ಯಾರಿಗೂ ತಿಳಿಯದಂತೆ ಬಿಡುವ ಶಾಖವನ್ನೇ ಈ ಪೊಟ್ಟಣ ಕೆಲವೇ ಗಂಟೆಗಳಲ್ಲಿ ಬಿಡುತ್ತದೆ. ನನಗೆ ಇದು ತುಂಬಾ ಇಷ್ಟವಾದ ಉಪಾಯ.

ಇನ್ನು ಚೆಂಡು. ಕಾಲೇಜು ಆಟದ ಚೆಂಡಿನಲ್ಲಿ ಗಾಳಿಯ ಒತ್ತಡ 12.5ರಿಂದ 13.5 ಪಿಎಸ್‌ಐ ಇರಬೇಕು. ಪೆಟ್ರೋಲ್ ಬಂಕ್‌ನಲ್ಲಿ ಟೈರಿಗೆ ಗಾಳಿ ಹಿಡಿಸುವಾಗ ಹೇಳುವ ಅದೇ ಪಿಎಸ್‌ಐ. 21 ಡಿಗ್ರಿಯ ಬೆಚ್ಚಗಿನ ಕೋಣೆಯಲ್ಲಿ 12.5ಕ್ಕೆ ತುಂಬಿಸಿದ ಚೆಂಡನ್ನು ಮೈನಸ್ 12ರ ಮೈದಾನಕ್ಕೆ ತಂದು ಬಿಟ್ಟರೆ, ಒಂದು ಹನಿ ಗಾಳಿ ಸೋರದಿದ್ದರೂ ಒತ್ತಡ ಸುಮಾರು 9.5ಕ್ಕೆ ಇಳಿಯುತ್ತದೆ. ತಣ್ಣಗಾದ ಗಾಳಿಯ ಕಣಗಳು ಚೆಂಡಿನ ಒಳಗೋಡೆಗೆ ಮೆಲ್ಲಗೆ ಬಡಿಯುತ್ತವೆ, ಅದೇ ಕಾರಣ.

ಒತ್ತಡ ಇಳಿದರೆ ಚೆಂಡು ಮೆತ್ತಗಾಗಬೇಕಲ್ಲ? ಆದರೆ ಚಳಿಯಲ್ಲಿ ಒದ್ದವರು ಕಲ್ಲಿಗೆ ಒದ್ದ ಹಾಗಿತ್ತು ಅಂತಾರೆ. ಹೊರಗಿನ ತೊಗಲು, ಒಳಗಿನ ರಬ್ಬರು ಎರಡೂ ಸೆಟೆದುಕೊಂಡಿರುತ್ತವೆ. ರಬ್ಬರಿನ ಉದ್ದನೆಯ ಅಣು ಸರಪಳಿಗಳು ಚಳಿಗೆ ಬೇಗ ಹಿಗ್ಗಿ ಬೇಗ ಕುಗ್ಗಲಾರವು. ಒದ್ದ ಶಕ್ತಿಯ ಒಂದು ಪಾಲು ಚೆಂಡನ್ನು ಹಾರಿಸುವ ಬದಲು ಒಳಗೇ ಕರಗಿಹೋಗುತ್ತದೆ. ಒಂದು ರಬ್ಬರ್ ಚೆಂಡನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ನೆಲಕ್ಕೆ ಹಾಕಿ. ಎಂದಿನಂತೆ ಪುಟಿಯುವುದಿಲ್ಲ. ಮೇಲಿಂದ ಹೊರಗಿನ ಗಾಳಿಯೂ ಸಾಂದ್ರವಾಗಿರುತ್ತದೆ: ಮೈನಸ್ 12ರಲ್ಲಿ, 21 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಶೇ. 13ರಷ್ಟು ಹೆಚ್ಚು. ಚೆಂಡು ಅಷ್ಟು ದಟ್ಟ ಗಾಳಿಯನ್ನು ಸೀಳಿಕೊಂಡು ಹೋಗಬೇಕು.

ಬೀಸುಗಾಳಿ ಚೆಂಡನ್ನೂ ಸುತ್ತಲಿನ ಹವೆಗಿಂತ ಹೆಚ್ಚು ತಣ್ಣಗೆ ಮಾಡುತ್ತದೆ ಅನ್ನುವ ಒಂದು ತಪ್ಪು ತಿಳಿವಳಿಕೆ ಇದೆ. ನಮ್ಮ ಮೈ ಸುತ್ತ ಮೈಯ ಬಿಸಿಯಿಂದಲೇ ಬೆಚ್ಚಗಾದ ಗಾಳಿಯ ತೆಳು ಪದರವಿರುತ್ತದೆ. ಗಾಳಿ ಬೀಸಿದರೆ ಅದು ಕಿತ್ತುಹೋಗಿ ಚರ್ಮ ಬೇಗ ಬಿಸಿ ಕಳೆದುಕೊಳ್ಳುತ್ತದೆ. 2001ರಿಂದ ಅಮೆರಿಕ ಮತ್ತು ಕೆನಡಾ ಬಳಸುತ್ತಿರುವ ಸೂತ್ರದ ಪ್ರಕಾರ, ಸ್ನೋ ಬೌಲ್ ದಿನದ ಚಳಿ ಮೈಗೆ ಸುಮಾರು ಮೈನಸ್ 24ರಂತೆ ತಾಗಿರುತ್ತದೆ. ಆದರೆ ಇದು ಮನುಷ್ಯರ ಲೆಕ್ಕ. ಚೆಂಡು ಬೇಗ ತಣ್ಣಗಾಗಬಹುದು, ಮೈನಸ್ 12ಕ್ಕಿಂತ ಕೆಳಗೆ ಇಳಿಯಲಾರದು. ಚೆಂಡಿಗೆ ಗಾಳಿ ಮಾಡುವ ತೊಂದರೆಯೇ ಬೇರೆ, ಅದು ದಾರಿ ತಪ್ಪಿಸುತ್ತದೆ. ಮಾಮೂಲಿ ಚಳಿಗಿಂತ ಇದೇ ಆಟಕ್ಕೆ ದೊಡ್ಡ ಶತ್ರು ಅನ್ನುವುದು ನನ್ನ ಅಭಿಪ್ರಾಯ. ಚಳಿಗೆ ಪೊಟ್ಟಣವಿದೆ, ಗಾಳಿಗೆ ಏನೂ ಇಲ್ಲ.

ಮೈದಾನದ ಬ್ಯಾಂಡ್‌ನವರನ್ನೂ ಇಲ್ಲಿ ನೆನೆಯಬೇಕು. ಹಿತ್ತಾಳೆ ವಾದ್ಯದ ಶ್ರುತಿ ಒಳಗಿನ ಗಾಳಿಯಲ್ಲಿ ಶಬ್ದ ಎಷ್ಟು ವೇಗವಾಗಿ ಸಾಗುತ್ತದೆ ಅನ್ನುವುದರ ಮೇಲಿದೆ. 21 ಡಿಗ್ರಿಯಲ್ಲಿ ಸೆಕೆಂಡಿಗೆ 344 ಮೀಟರ್ ಇರುವ ವೇಗ ಮೈನಸ್ 12ರಲ್ಲಿ 324. ಊದುವವರ ಉಸಿರಿನ ಬಿಸಿ ಇಲ್ಲದಿದ್ದರೆ ಶ್ರುತಿ ಹೆಚ್ಚೂಕಮ್ಮಿ ಅರ್ಧ ಸ್ವರ ಇಳಿದುಬಿಡುತ್ತಿತ್ತು.

ಮೊದಲೆಲ್ಲ ಡಿಸೆಂಬರ್ ಕೊನೆಯ, ಜನವರಿಯ ದೊಡ್ಡ ಪಂದ್ಯಗಳು ಹೆಚ್ಚಾಗಿ ಪಾಸಡೀನಾ, ಮಯಾಮಿ, ನ್ಯೂ ಆರ್ಲಿಯನ್ಸ್‌ನಂಥ ಬೆಚ್ಚಗಿನ ಊರುಗಳಲ್ಲೇ ನಡೆಯುತ್ತಿದ್ದವು. 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಹಣಾಹಣಿ 12 ತಂಡಗಳಿಗೆ ವಿಸ್ತರಿಸಿತು, ಮೊದಲ ಸುತ್ತು ಕಾಲೇಜುಗಳ ಸ್ವಂತ ಮೈದಾನಕ್ಕೆ ಬಂತು. ಡಿಸೆಂಬರ್ 21ರ ರಾತ್ರಿ ದಕ್ಷಿಣದ ಟೆನೆಸ್ಸಿ ತಂಡ ಒಹಾಯೊ ಸ್ಟೇಟ್ ಎದುರು ಆಡಲು ಕೊಲಂಬಸ್‌ಗೆ ಬಂದಾಗ ಚಳಿ ಸೊನ್ನೆಗಿಂತ ಕೆಳಗಿತ್ತು. ಅದರ ಕೆಲವು ಆಟಗಾರರು ಅಂಗಿಯಿಲ್ಲದೆ ಅಭ್ಯಾಸಕ್ಕಿಳಿದರು. ಧೈರ್ಯ ಮೆಚ್ಚುವಂಥದ್ದೇ. ಆದರೆ ಎದೆ ತಣ್ಣಗಾದರೆ ದೇಹ ಬೆರಳಿನ ರಕ್ತವನ್ನೇ ಮೊದಲು ಕಡಿತ ಮಾಡುವುದು. ಕೈ ಬೆಚ್ಚಗಿರಬೇಕಾದರೆ ಎದೆ ಮುಚ್ಚಿಕೊಳ್ಳಬೇಕು.

ಟೆನೆಸ್ಸಿ 42-17ರಿಂದ ಸೋತಿತು. ಹಾಗಾದರೆ ಸೋಲಿಸಿದ್ದು ಚಳಿಯೇ? ಸುಮ್ನೆ ಹಾಗೆ ಹೇಳಲಾಗದು. ಆ ಸುತ್ತಿನ ನಾಲ್ಕೂ ಪಂದ್ಯಗಳಲ್ಲಿ ಗೆದ್ದವರು ಆತಿಥೇಯರೇ. ಅದರಲ್ಲೊಂದು ನಡೆದದ್ದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಅಲ್ಲಿ ಅಂಥ ಚಳಿಯೇನೂ ಇರಲಿಲ್ಲ. ಮೇಲಾಗಿ ಶ್ರೇಯಾಂಕದಲ್ಲಿ ಮೇಲಿದ್ದ ತಂಡಕ್ಕೇ ಸ್ವಂತ ಮೈದಾನ ಸಿಗುವ ನಿಯಮ. ಚಳಿ ಎಲ್ಲರ ಬೆರಳನ್ನೂ ಮರಗಟ್ಟಿಸುತ್ತದೆ, ಉತ್ತರದವರು ದಕ್ಷಿಣದವರು ಅಂತ ನೋಡುವುದಿಲ್ಲ. ಅಭ್ಯಾಸವಿದ್ದವರಿಗೆ ನೋವು, ಗಾಬರಿ ಕಡಿಮೆ ಇರಬಹುದು.

ಮತ್ತೆ 1950ರ ಮಿಷಿಗನ್‌ಗೆ ಬರೋಣ. ಕೊಲಂಬಸ್‌ನಲ್ಲಿ 24 ಸಲವೂ ಚೆಂಡು ಒದ್ದದ್ದು ಚಕ್ ಆರ್ಟ್‌ಮನ್. ಆ ಗೆಲುವಿನಿಂದ ತಂಡಕ್ಕೆ ರೋಸ್ ಬೌಲ್ ಎಂಬ ಜನವರಿಯ ದೊಡ್ಡ ಪಂದ್ಯದ ಅವಕಾಶ ಸಿಕ್ಕಿತು. 1951ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಅದೇ ಆರ್ಟ್‌ಮನ್ ಎಸೆದ ಚೆಂಡುಗಳು ಒಂದರ ಹಿಂದೊಂದು ಜೊತೆಯವರ ಕೈ ಸೇರಿದವು. ಮಿಷಿಗನ್ 14-6ರಿಂದ ಗೆದ್ದಿತು.