ಹೊರಗಿನ ಆಯಿಲ್ ಫಿಲ್ಟರ್ ಹಾಕಿದರೆ ಲಾರಿಯ ವಾರಂಟಿ ಹೋಗುತ್ತದೆಯೇ?

ಪ್ರಶ್ನೆ: ಕ್ರಷರ್‌ನಿಂದ ಜಲ್ಲಿ ಹೊಡೆಯುವ ಬಿಎಸ್-6 ಟಿಪ್ಪರ್ ಇದೆ. ವಾರಂಟಿ ಇನ್ನೂ ಮುಗಿದಿಲ್ಲ. ಶೋರೂಮಿನ ಆಯಿಲ್ ಫಿಲ್ಟರ್ ದುಬಾರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರೆ ಬ್ರ್ಯಾಂಡಿನದು ಅರ್ಧ ಬೆಲೆಗೆ ಸಿಗುತ್ತದೆ. ಅದನ್ನು ಹಾಕಿಸಬಹುದೇ?

ಉತ್ತರ: ಫಿಲ್ಟರ್ ಹಾಕಿದ ದಿನ ಏನೂ ಆಗುವುದಿಲ್ಲ. ತಕರಾರು ಬರುವುದು ಕ್ಲೇಮ್ ಹಾಕಿದ ದಿನ. ಟರ್ಬೊ ಹೋಯಿತು, ಬೇರಿಂಗ್ ಹಿಡಿಯಿತು ಎಂದು ಗಾಡಿ ಒಳಗೆ ಹೋದಾಗ ಮೊದಲು ಕೇಳುವುದು ಸರ್ವಿಸ್ ದಾಖಲೆ, ಆಮೇಲೆ ಬಿಚ್ಚಿ ನೋಡುವುದು ಫಿಲ್ಟರನ್ನೇ. ಹಾಗಾಗಿ ವಾರಂಟಿ ಪುಸ್ತಕದ ಹಿಂದಿನ ಪುಟಗಳನ್ನು ಇವತ್ತೇ ಓದಿ. ‘ಜೆನ್ಯೂನ್ ಬಿಡಿಭಾಗವನ್ನೇ ಬಳಸಬೇಕು’ ಎಂದಿದೆಯೇ, ‘ಕಂಪನಿ ಒಪ್ಪಿದ ಅಥವಾ ಸಮಾನ ಗುಣಮಟ್ಟದ ಭಾಗ’ ಎಂದಿದೆಯೇ, ಸರ್ವಿಸ್ ಅಧಿಕೃತ ಕೇಂದ್ರದಲ್ಲೇ ಆಗಬೇಕೇ ಎಂಬ ಮೂರು ಮಾತಿನ ಮೇಲೆ ಉಳಿದದ್ದೆಲ್ಲ ನಿಂತಿದೆ.

ಯೂಟ್ಯೂಬಿನಲ್ಲಿ ‘ಯಾವ ಫಿಲ್ಟರ್ ಹಾಕಿದರೂ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ, ಕಾನೂನಿದೆ’ ಎನ್ನುವವರು ಹೇಳುತ್ತಿರುವುದು ಹೆಚ್ಚಾಗಿ ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಮಾತು. ಅದು ನಮ್ಮಲ್ಲಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರ ಬರುವುದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಬೇಡ, ಆ ಕೆಲಸದಿಂದ ಯಾವ ಹಾನಿ ಆಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂಬುದು ಅದರ ಸಾರ. ಆದರೆ ಅದು ಕಾರುಗಳ ಪ್ರಕರಣ, ದಂಡದ ವಿಚಾರ ಮೇಲ್ಮನವಿಗೂ ಹೋಯಿತು. ಅದರ ಪ್ರಿಂಟ್ ಹಿಡಿದು ಟಿಪ್ಪರ್ ಸರ್ವಿಸ್ ಕೌಂಟರಿನಲ್ಲಿ ನಿಂತರೆ ಕೆಲಸ ಆಗುತ್ತದೆ ಎಂದು ನಂಬಬೇಡಿ.

ಗ್ರಾಹಕ ಆಯೋಗದ ದಾರಿಯೂ ಎಲ್ಲರಿಗೂ ತೆರೆದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ‘ಗ್ರಾಹಕ’ರಲ್ಲ, ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗಾಗಿಯೇ ಕೊಂಡವರಿಗೆ ವಿನಾಯಿತಿ ಇದೆ. ಸ್ವಂತ ಒಂದೇ ಗಾಡಿ ಓಡಿಸುವವರು ಇದರಲ್ಲಿ ಬರುವ ಸಾಧ್ಯತೆ ಹೆಚ್ಚು. ಹತ್ತು ಗಾಡಿ ಇಟ್ಟವರಿಗೆ ಕಷ್ಟ.

ಈಗ ಫಿಲ್ಟರ್ ವಿಷಯ. ಡಬ್ಬಿ ಕೂತರೆ, ಚೂಡಿ (ಥ್ರೆಡ್) ಸೇರಿದರೆ ಸಾಕು ಎನ್ನುವ ಅಂದಾಜೇ ಹೆಚ್ಚು ಇಂಜಿನ್ ತಿಂದಿರುವುದು. ಒಳಗೆ ನೋಡಬೇಕಾದದ್ದು ನಾಲ್ಕು.

ಬೈಪಾಸ್ ವಾಲ್ವ್ ಮೊದಲನೆಯದು. ಒಳಗಿನ ಸೋಸುವ ಪೇಪರ್ ಕಟ್ಟಿಕೊಂಡಾಗ ಅಥವಾ ಮುಂಜಾನೆ ಆಯಿಲ್ ದಪ್ಪಗಿದ್ದಾಗ ಇದು ತೆರೆದುಕೊಂಡು ಸೋಸದ ಆಯಿಲನ್ನೇ ಇಂಜಿನ್ನಿಗೆ ಬಿಡುತ್ತದೆ. ಆಯಿಲ್ ಇಲ್ಲದೇ ಇರುವುದಕ್ಕಿಂತ ಕೊಳೆ ಆಯಿಲ್ ಮೇಲು ಎಂಬ ಲೆಕ್ಕ. ತೆರೆಯುವ ಒತ್ತಡ ಸಾಮಾನ್ಯವಾಗಿ 1ರಿಂದ 2.5 ಬಾರ್ ನಡುವೆ, ಇಂಜಿನ್ನಿನಿಂದ ಇಂಜಿನ್ನಿಗೆ ಬೇರೆ. ಕೆಲವು ಇಂಜಿನ್ನಿನಲ್ಲಿ ಈ ವಾಲ್ವ್ ಫಿಲ್ಟರ್ ಕೂರುವ ಹೆಡ್‌ನಲ್ಲೇ ಇರುತ್ತದೆ, ಕೆಲವದರಲ್ಲಿ ಫಿಲ್ಟರಿನ ಒಳಗೆ. ಒಳಗೆ ಇರಬೇಕಾದ ಕಡೆ ವಾಲ್ವೇ ಇಲ್ಲದ ಡಬ್ಬಿ ಹಾಕಿದರೆ ಪೇಪರ್ ಹರಿದು ಚೂರು ಗ್ಯಾಲರಿಗೆ (ಇಂಜಿನ್ನಿನೊಳಗಿನ ಆಯಿಲ್ ದಾರಿಗೆ) ಹೋಗಬಹುದು. ವಾಲ್ವ್ ತೀರ ಬೇಗ ತೆರೆಯುವಂಥದ್ದಾದರೆ ಸದ್ದಿಲ್ಲದೆ ದಿನವೂ ಕೊಳೆ ಆಯಿಲ್ ಓಡುತ್ತಿರುತ್ತದೆ, ಮೀಟರಿನಲ್ಲಿ ಏನೂ ಕಾಣದು.

ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್ ಎರಡನೆಯದು. ಅಡ್ಡ ಅಥವಾ ತಲೆಕೆಳಗಾಗಿ ಕೂರುವ ಫಿಲ್ಟರಿನಲ್ಲಿ ರಾತ್ರಿ ಆಯಿಲ್ ಪೂರಾ ಚೇಂಬರಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯದಂತೆ ಇದು ತಡೆಯುತ್ತದೆ. ಅಗ್ಗದ್ದರಲ್ಲಿ ಈ ರಬ್ಬರ್ ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಆಯಿಲ್ ದೀಪ ಆರದೆ, ಮೇಲಿನಿಂದ ಟಕಟಕ ಸದ್ದು ಬಂದರೆ ಇದನ್ನು ಅನುಮಾನಿಸಿ. ಆ ಕೆಲವು ಸೆಕೆಂಡನ್ನು ಟರ್ಬೊ ಬೇರಿಂಗ್ ಒಣಗಿಯೇ ತಿರುಗಿರುತ್ತದೆ.

ಮೂರನೆಯದು ಸೋಸುವ ಶಕ್ತಿ. ಡಬ್ಬದ ಮೇಲೆ ‘20 ಮೈಕ್ರಾನ್’ ಎಂದು ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ, ಶೇಕಡಾ ಎಷ್ಟು ಹಿಡಿಯುತ್ತದೆ ಎಂಬುದೂ ಬೇಕು. 20 ಮೈಕ್ರಾನಿನಲ್ಲಿ ಬೀಟಾ (ಒಳಹೋದ ಕಣಕ್ಕೂ ದಾಟಿ ಬಂದ ಕಣಕ್ಕೂ ಇರುವ ಅನುಪಾತ) 2 ಎಂದರೆ ಆ ಗಾತ್ರದ ಕಣಗಳಲ್ಲಿ ಅರ್ಧವನ್ನು ಮಾತ್ರ ಹಿಡಿಯುತ್ತದೆ. ಬೀಟಾ 75 ಆದರೆ ಶೇ 98.7. ಪರೀಕ್ಷೆಯ ಮಾನಕ ಐಎಸ್‌ಒ 4548-12. ಒಳ್ಳೆಯ ತಯಾರಕರ ಕ್ಯಾಟಲಾಗಿನಲ್ಲಿ ಈ ಅಂಕಿ ಸಿಗುತ್ತದೆ, ಕೇಳಿದರೆ ತಡವರಿಸುವ ಅಂಗಡಿಯವರ ಮಾಲು ಬೇಡ.

ಕೊನೆಯದು ಚೂಡಿ. ಮುಕ್ಕಾಲು ಇಂಚಿನ ಸ್ಟಡ್ (ಫಿಲ್ಟರ್ ಏರುವ ಚೂಡಿಯ ಕೊಳವೆ) 19.05 ಮಿ.ಮೀ., ಎಂ20 ಎಂದರೆ 20 ಮಿ.ಮೀ. ಎಂ20 ಫಿಲ್ಟರ್ ಮುಕ್ಕಾಲು ಇಂಚಿನ ಸ್ಟಡ್ಡಿಗೆ ಅಲುಗುತ್ತಲೇ ಏರುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ತಣ್ಣನೆಯ ಇಂಜಿನ್ನಿನಲ್ಲಿ ಆಯಿಲ್ ಒತ್ತಡ ಏರಿದಾಗ ಕಿತ್ತು ಬಂದರೆ ಚೇಂಬರ್ ಖಾಲಿಯಾಗಲು ಹೆಚ್ಚು ಹೊತ್ತು ಬೇಡ.

‘ಅದೇ ಫ್ಯಾಕ್ಟರಿಯ ಮಾಲು, ಡಬ್ಬ ಮಾತ್ರ ಬೇರೆ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಫ್ಯಾಕ್ಟರಿ ಅದೇ ಇರಬಹುದು. ಗಾಡಿ ಕಂಪನಿಗೆ ಒಂದು ಅಳತೆ, ಮಾರುಕಟ್ಟೆಗೆ ಇನ್ನೊಂದು ಅಳತೆ ಮಾಡಿಕೊಡುವುದು ಹೊಸದೇನಲ್ಲ. ಪಾರ್ಟ್ ನಂಬರ್ ತಾಳೆ ಹಾಕಿ. ಕೊನೆಯ ಅಕ್ಷರ ಬದಲಾಗಿದ್ದರೆ ಹೊಸ ನಂಬರ್ ಹಳೆಯದರ ಬದಲಿಗೆ ಬಂದದ್ದೇ ಎಂದು ಚಾಸಿಸ್ ನಂಬರ್ ಕೊಟ್ಟು ಕೇಳಿ. ಬೇರೆ ಬ್ರ್ಯಾಂಡಿಗಿಂತ ನನಗೆ ಹೆಚ್ಚು ಭಯ ಕಂಪನಿ ಹೆಸರಿನ ಡುಪ್ಲಿಕೇಟ್‌ನದು. ಜೆನ್ಯೂನ್ ಎಂದು ಹಣ ಕೊಟ್ಟು ಅದನ್ನು ತಂದವನಿಗೆ ಎರಡೂ ಕಡೆ ನಷ್ಟ. ಹೊಲೊಗ್ರಾಂ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬಿಲ್ ಇಲ್ಲದೆ ಕೊಡುವವರನ್ನು ಬಿಟ್ಟುಬಿಡಿ.

ನಿಮ್ಮ ಪ್ರಶ್ನೆಗೆ ನೇರ ಮಾತು: ವಾರಂಟಿ ಇರುವಷ್ಟು ದಿನ ಕಂಪನಿಯದ್ದನ್ನೇ ಹಾಕಿ. ಒಂದು ಸರ್ವಿಸ್‌ನಲ್ಲಿ ಫಿಲ್ಟರಿನಿಂದ ಉಳಿಯುವುದು ಒಂದು ಟ್ರಿಪ್ಪಿನ ಡೀಸೆಲ್ ಖರ್ಚಿಗೂ ಸಾಲದು. ಉಳಿಸಲೇಬೇಕಿದ್ದರೆ ಜೆನ್ಯೂನ್ ಫಿಲ್ಟರನ್ನು ಅಧಿಕೃತ ಬಿಡಿಭಾಗ ಮಾರಾಟಗಾರರಲ್ಲಿ ವಿಚಾರಿಸಿ ಕೊಳ್ಳಿ, ಬೆಲೆಯಲ್ಲಿ ಅಲ್ಲೂ ಸ್ವಲ್ಪ ಇಳಿತ ಸಿಗಬಹುದು. ಬೇರೆ ಬ್ರ್ಯಾಂಡೇ ಬೇಕೆಂದರೆ ‘ಈ ಪಾರ್ಟ್ ನಂಬರ್ ಹಾಕಿದರೆ ಅಡ್ಡಿಯಿಲ್ಲವೇ’ ಎಂದು ಡೀಲರಿಗೆ ಇಮೇಲ್ ಹಾಕಿ, ಉತ್ತರ ಬರಹದಲ್ಲೇ ಪಡೆಯಿರಿ. ಸರ್ವಿಸ್ ಅಡ್ವೈಸರ್ ಬಾಯಿ ಮಾತು ಕ್ಲೇಮ್ ದಿನ ಇರುವುದಿಲ್ಲ, ಅವರೂ ಅಲ್ಲಿರುವುದಿಲ್ಲ.

ಫಿಲ್ಟರಿಗಿಂತ ಆಯಿಲ್ ಮೇಲೆ ಎರಡರಷ್ಟು ಕಣ್ಣಿರಲಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್-6 ಗಾಡಿಗೆ ಸಾಮಾನ್ಯವಾಗಿ ಬೂದಿ ಕಡಿಮೆ ಬಿಡುವ ಸಿಕೆ-4 ದರ್ಜೆ ಕೇಳಿರುತ್ತಾರೆ. ಹಳೆಯ ಗಾಡಿಯ ಸಿಐ-4 ಪ್ಲಸ್ ಬ್ಯಾರೆಲ್‌ನಿಂದಲೇ ಇದಕ್ಕೂ ಸುರಿದರೆ ಡಿಪಿಎಫ್‌ನಲ್ಲಿ ಬೂದಿ ಕಟ್ಟುತ್ತದೆ, ಅದನ್ನು ಸುಡಲಾಗುವುದಿಲ್ಲ. ಟಿಪ್ಪರಿನಲ್ಲಿ ಕಿ.ಮೀ. ನೋಡಿ ಕೂರಬೇಡಿ; ಲೋಡಿಂಗ್‌ನಲ್ಲಿ, ಹೈಡ್ರಾಲಿಕ್ ಎತ್ತುವಾಗ ಇಂಜಿನ್ ಓಡುತ್ತಲೇ ಇರುತ್ತದೆ. ಪುಸ್ತಕದಲ್ಲಿ ಗಂಟೆಯ ಮಿತಿ ಕೊಟ್ಟಿದ್ದರೆ ಯಾವುದು ಮೊದಲು ಬರುತ್ತದೋ ಅದಕ್ಕೇ ಸರ್ವಿಸ್. ಗಂಟೆಯ ಲೆಕ್ಕ ಇಸಿಯುನಲ್ಲಿ (ಇಂಜಿನ್ನಿನ ಕಂಪ್ಯೂಟರಿನಲ್ಲಿ) ಇರುತ್ತದೆ, ನೀವು ಹೇಳಿದ್ದನ್ನು ಅವರು ನಂಬಬೇಕಾಗಿಲ್ಲ.

ಹಾಕುವಾಗ: ಹಳೆಯ ರಬ್ಬರ್ ರಿಂಗ್ ಹೆಡ್‌ಗೆ ಅಂಟಿ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ರಿಂಗ್ ಸೇರಿದರೆ ಸೋರುವುದು ಖಚಿತ. ಹೊಸ ರಿಂಗಿಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು; ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಪಟ್ಟಿ ಸ್ಪ್ಯಾನರ್ ಬಿಚ್ಚಲು ಮಾತ್ರ. ಆಯಿಲ್ ತುಂಬಿಸಿ ಹಾಕುವುದನ್ನು ಕೆಲವು ಇಂಜಿನ್ನಿಗೆ ಹೇಳಿರುತ್ತಾರೆ, ಕೆಲವಕ್ಕೆ ಬೇಡ ಎಂದಿರುತ್ತಾರೆ. ತುಂಬಿಸುವುದಾದರೆ ಸುತ್ತಲಿನ ಚಿಕ್ಕ ತೂತಿನಿಂದ. ನಡುವಿನ ತೂತಿಗೆ ಸುರಿದದ್ದು ಸೋಸದೆ ಬೇರಿಂಗಿಗೆ ಹೋಗುತ್ತದೆ. ಸ್ಟಾರ್ಟ್ ಮಾಡಿ ಆಯಿಲ್ ದೀಪ ಆರುವವರೆಗೆ ಎಕ್ಸಲರೇಟರ್ ಮುಟ್ಟಬೇಡಿ. ಹದಿನೈದು ಸೆಕೆಂಡಿಗೂ ಆರದಿದ್ದರೆ ಆಫ್.

ಬಿಲ್ಲಿನಲ್ಲಿ ಪಾರ್ಟ್ ನಂಬರ್, ಆಯಿಲ್ ದರ್ಜೆ ಮತ್ತು ಲೀಟರ್, ಗಾಡಿ ನಂಬರ್, ಕಿ.ಮೀ., ಗಂಟೆ ಬರೆಸಿ. ಬಿಚ್ಚಿದ ಫಿಲ್ಟರನ್ನು ಗುಜರಿಗೆ ಹಾಕದೆ ಮುಂದಿನ ಸರ್ವಿಸ್‌ವರೆಗೆ ಕವರಿನಲ್ಲಿ ಕಟ್ಟಿ, ದಿನಾಂಕ ಬರೆದಿಡಿ. ಕ್ಲೇಮ್ ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೇಳಿ: ಯಾವ ಭಾಗ ಹೋಯಿತು, ಅದಕ್ಕೂ ಫಿಲ್ಟರಿಗೂ ಏನು ಸಂಬಂಧ ಎಂದು. ಫಿಲ್ಟರ್ ನೆಪದಲ್ಲಿ ಕ್ಲಚ್ ಅಥವಾ ಇಂಜೆಕ್ಟರ್ ಕ್ಲೇಮ್ ನಿರಾಕರಿಸಿದ್ದರೆ ಆ ಕಾಗದವೇ ನಿಮ್ಮ ವಾದ. ಗ್ರಾಹಕ ಸಹಾಯವಾಣಿ 1915. ಆಯೋಗಕ್ಕೆ ಹೋಗುವುದಾದರೆ ದೂರಿಗೆ ಎರಡು ವರ್ಷದ ಗಡುವು.

ಹೊರಗಿನದ್ದನ್ನು ಈಗಾಗಲೇ ಹಾಕಿಸಿಬಿಟ್ಟಿದ್ದರೆ ಗಾಬರಿ ಬೇಡ. ಜೆನ್ಯೂನ್ ಫಿಲ್ಟರನ್ನು ಅಧಿಕೃತ ಕೇಂದ್ರದಲ್ಲಿ ಹಾಕಿಸಿ ಬಿಲ್ ಪಡೆಯಿರಿ. ಹಳೆಯದನ್ನು ಕತ್ತರಿಸಿ ಪೇಪರ್ ಮಡಿಕೆ ಬಿಡಿಸಿ ನೋಡಿ: ಕಪ್ಪು ಮಸಿ ಸಹಜ, ಹೊಳೆಯುವ ಲೋಹದ ಚೂರು ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ ಚೇಂಬರ್ ಇಳಿಸಿ ನೋಡಲು ಹೇಳಿ.