ಜಾಹೀರಾತಿನ ಬಡಾಯಿ ಕರಾರಾಗುವುದು ಯಾವಾಗ? ನಾಲ್ಕು ಪ್ರಕರಣಗಳ ಟಿಪ್ಪಣಿ

ಬಿ.ಕಾಂ. ಓದುವವರು ವ್ಯವಹಾರ ಕಾನೂನಿನ ಪೇಪರಿಗೆ ಕಾರ್ಲಿಲ್ ಪ್ರಕರಣವನ್ನು ಉರು ಹೊಡೆದಿರುತ್ತೇವೆ. ‘ಸಾರ್ವಜನಿಕರಿಗೆ ಮಾಡಿದ ಪ್ರಸ್ತಾವವೂ ಪ್ರಸ್ತಾವವೇ’ ಎಂದು ಒಂದು ಸಾಲು ಬರೆದು, ಇಸವಿ ಹಾಕಿ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಮಾರ್ಕೆಟಿಂಗ್ ಪೇಪರಿನಲ್ಲಿ ಹೂವರ್, ಪೆಪ್ಸಿ ಕಂಪನಿಗಳ ಎಡವಟ್ಟುಗಳು ಬೇರೆಯೇ ಪಾಠವಾಗಿ ಬರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಕಂಪನಿಗಳು ಸಿಕ್ಕಿಬೀಳುವುದು ಹೊಗಳಿಕೆಯಿಂದಲ್ಲ, ಅಂಕಿಯಿಂದ. ‘ನಮ್ಮಷ್ಟು ಒಳ್ಳೆಯದು ಬೇರೆ ಇಲ್ಲ’ ಎಂದರೆ ಯಾರೂ ಕೇಳುವುದಿಲ್ಲ. ಮೊಸರು ಮಾರುವವಳು ತನ್ನ ಮೊಸರು ಹುಳಿ ಎನ್ನುತ್ತಾಳೆಯೇ? ‘ಇಷ್ಟು ಮಾಡಿದರೆ ಇಷ್ಟು ಕೊಡುತ್ತೇವೆ’ ಎಂದು ಅಚ್ಚು ಹಾಕಿದ ಕ್ಷಣ ಅದು ಬೇರೆ ಮಾತು.

ಹೊಗೆ ಚೆಂಡು ಮತ್ತು ನೂರು ಪೌಂಡು

1889–90ರಿಂದ ಇಂಗ್ಲೆಂಡಿನಲ್ಲಿ ಇನ್‌ಫ್ಲುಯೆಂಜಾ ಹಾವಳಿ. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಕಂಪನಿ ಕೊಳವೆ ಸಿಕ್ಕಿಸಿದ ರಬ್ಬರ್ ಚೆಂಡೊಂದನ್ನು ಹತ್ತು ಶಿಲಿಂಗಿಗೆ ಮಾರುತ್ತಿತ್ತು. ಒಳಗೆ ಕಾರ್ಬಾಲಿಕ್ ಆಮ್ಲದ ಪುಡಿ. ಅಮುಕಿದರೆ ಮೂಗಿಗೆ ಹೊಗೆಯಂತೆ ನುಗ್ಗುತ್ತಿತ್ತು. 1891ರ ನವೆಂಬರಿನಲ್ಲಿ ಪಾಲ್ ಮಾಲ್ ಗೆಜೆಟ್ ಪತ್ರಿಕೆಯಲ್ಲಿ ಜಾಹೀರಾತು ಬಂತು: ಹೇಳಿದ ರೀತಿಯಲ್ಲಿ ದಿನಕ್ಕೆ ಮೂರು ಸಲ, ಎರಡು ವಾರ ಬಳಸಿಯೂ ಫ್ಲೂ ತಗುಲಿದರೆ 100 ಪೌಂಡು ಕೊಡುತ್ತೇವೆ. ನಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಅಲಯನ್ಸ್ ಬ್ಯಾಂಕಿನಲ್ಲಿ 1,000 ಪೌಂಡು ಠೇವಣಿ ಇಟ್ಟಿದ್ದೇವೆ.

ಲೂಯಿಸಾ ಕಾರ್ಲಿಲ್ ಎಂಬಾಕೆ ಕೊಂಡು, ನವೆಂಬರ್ 20ರಿಂದ ತಪ್ಪದೆ ಬಳಸಿ, ಜನವರಿ 17ಕ್ಕೆ ಫ್ಲೂ ಹಿಡಿದು ಮಲಗಿದರು. ಗಂಡ ವಕೀಲ. ಹಣ ಕೇಳಿ ಪತ್ರ ಬರೆದರೆ, ಮೋಸದ ಬೇಡಿಕೆಗಳನ್ನು ತಡೆಯಬೇಕಲ್ಲ, ನಿಮ್ಮವರು ದಿನಾ ನಮ್ಮ ಕಚೇರಿಗೇ ಬಂದು ನಮ್ಮ ಕಣ್ಣೆದುರು ಚೆಂಡು ಬಳಸಲಿ ಎಂಬ ಅರ್ಥದ ಉತ್ತರ ಬಂತು. ಜಾಹೀರಾತಿನಲ್ಲಿ ಇಲ್ಲದ ಶರತ್ತನ್ನು ಆಮೇಲೆ ಹುಟ್ಟಿಸುವ ಈ ಚಾಳಿಯನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕಂಪನಿಯ ವಾದಗಳು: ಇದು ಬರೀ ಬಡಾಯಿ, ಇಡೀ ಲೋಕದ ಜೊತೆ ಕರಾರು ಮಾಡಿಕೊಳ್ಳಲಾಗದು, ಒಪ್ಪಿದ್ದೇನೆಂದು ಆಕೆ ತಿಳಿಸಲೇ ಇಲ್ಲ, ನಮ್ಮ ಮಾತಿಗೆ ಬದಲಾಗಿ ಆಕೆಯಿಂದ ಸಿಕ್ಕ ಪ್ರತಿಫಲವೂ ಇಲ್ಲ. 1892ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಎಲ್ಲವನ್ನೂ ತಳ್ಳಿಹಾಕಿತು. (ತೀರ್ಪು ಕಾನೂನು ವರದಿಯಲ್ಲಿ ಅಚ್ಚಾದ ಇಸವಿ 1893. ಉತ್ತರದಲ್ಲಿ ಅದನ್ನೇ ಬರೆಯುವುದು ರೂಢಿ.) ಬಡಾಯಿಯ ವಾದವನ್ನು ಮುರಿದದ್ದು ಆ ಸಾವಿರ ಪೌಂಡಿನ ಠೇವಣಿ. ಗಿರಾಕಿಯನ್ನು ನಂಬಿಸಲು ಇಟ್ಟ ದುಡ್ಡೇ ಕಂಪನಿ ಗಂಭೀರವಾಗಿ ಮಾತಾಡಿತ್ತು ಎಂಬುದಕ್ಕೆ ಪುರಾವೆಯಾಯಿತು. ಒಪ್ಪಿಗೆ ತಿಳಿಸಬೇಕೆಂಬ ವಾದಕ್ಕೆ ನ್ಯಾಯಾಧೀಶ ಬೋವೆನ್ ಕೊಟ್ಟ ಉದಾಹರಣೆ ಚೆನ್ನಾಗಿದೆ: ನಾಯಿ ಕಳೆದಿದೆ, ತಂದುಕೊಟ್ಟವರಿಗೆ ಬಹುಮಾನ ಎಂದು ಸಾರಿದರೆ, ಹುಡುಕುವವರೆಲ್ಲ ಮೊದಲು ಕೂತು ‘ಒಪ್ಪಿದ್ದೇವೆ’ ಎಂದು ಕಾಗದ ಬರೆಯಬೇಕೇ? ನಾಯಿ ಹುಡುಕಿ ತಂದರೆ ಅದೇ ಒಪ್ಪಿಗೆ.

ನಮ್ಮ 1872ರ ಭಾರತೀಯ ಕರಾರು ಅಧಿನಿಯಮದ 8ನೇ ಸೆಕ್ಷನ್ ಹೇಳುವುದೂ ಇದನ್ನೇ: ಪ್ರಸ್ತಾವದ ಶರತ್ತನ್ನು ನೆರವೇರಿಸುವುದೇ ಸ್ವೀಕಾರ. ಒಂದು ಎಚ್ಚರಿಕೆ ಮಾತ್ರ ಜೊತೆಗಿರಲಿ. 1913ರ ಲಾಲ್‌ಮನ್ ಶುಕ್ಲಾ ಪ್ರಕರಣದಲ್ಲಿ, ಓಡಿಹೋದ ಹುಡುಗನನ್ನು ಹುಡುಕಿಕೊಟ್ಟ ನೌಕರನಿಗೆ ಅಲಹಾಬಾದ್ ಹೈಕೋರ್ಟಿನಲ್ಲಿ ಬಹುಮಾನ ದಕ್ಕಲಿಲ್ಲ. ಹುಡುಕುವಾಗ ಬಹುಮಾನದ ವಿಷಯವೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪ್ರಸ್ತಾವವನ್ನು ಒಪ್ಪಲಾಗದು. ಪರೀಕ್ಷೆಯಲ್ಲಿ ಇವೆರಡನ್ನೂ ಜೋಡಿಯಾಗಿ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ವ್ಯಾಕ್ಯೂಮ್ ಕ್ಲೀನರ್ ಕೊಂಡರೆ ಅಮೆರಿಕ

ನೂರು ವರ್ಷದ ನಂತರ ಅದೇ ಬ್ರಿಟನ್. 1992ರಲ್ಲಿ ಹೂವರ್ ಕಂಪನಿಯ ಬ್ರಿಟಿಷ್ ಶಾಖೆಗೆ ವ್ಯಾಪಾರ ಮಂದ, ಗೋದಾಮಿನಲ್ಲಿ ಮಾಲು ರಾಶಿ. 100 ಪೌಂಡಿಗಿಂತ ಹೆಚ್ಚು ಬೆಲೆಯ ಯಾವುದೇ ಹೂವರ್ ಸರಕು ಕೊಂಡರೆ ಯುರೋಪಿಗೆ ಹೋಗಿಬರುವ ಎರಡು ವಿಮಾನ ಟಿಕೆಟ್ ಉಚಿತ ಎಂದಿತು. ಅದು ಚೆನ್ನಾಗಿ ಓಡಿತೆಂದು ವರ್ಷದ ಕೊನೆಯಲ್ಲಿ ಅಮೆರಿಕಕ್ಕೂ ವಿಸ್ತರಿಸಿತು. ನೂರು ಚಿಲ್ಲರೆ ಪೌಂಡಿನ ವಸ್ತುವಿಗೆ ಅದರ ಹಲವು ಪಟ್ಟು ಬೆಲೆಯ ಟಿಕೆಟ್!

ಕಂಪನಿಯವರು ದಡ್ಡರಲ್ಲ, ಅವರದ್ದೂ ಒಂದು ಲೆಕ್ಕ ಇತ್ತು. ಅರ್ಜಿಯ ಮೇಲೆ ಅರ್ಜಿ, ಗಡುವಿನ ಮೇಲೆ ಗಡುವು. ಅರ್ಧ ಜನ ಬೇಸತ್ತು ಬಿಟ್ಟುಬಿಡುತ್ತಾರೆ. ಉಳಿದವರು ಹೋಟೆಲು, ವಿಮೆ ತೆಗೆದುಕೊಂಡರೆ ಅದರ ಕಮಿಷನ್ನಿನಲ್ಲಿ ಖರ್ಚು ಹುಟ್ಟುತ್ತದೆ. ಅಂದರೆ ಕೊಟ್ಟ ಮಾತನ್ನು ಜನ ಕೇಳಿ ಪಡೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಯೋಜನೆ ನಿಂತಿತ್ತು. ನನ್ನ ಮಟ್ಟಿಗೆ ತಪ್ಪು ಇಲ್ಲೇ ಇರುವುದು. ಕೂಡಿಸಿ ಕಳೆಯುವುದರಲ್ಲಿ ಎಡವಿದರು ಎಂದು ಪಠ್ಯಗಳು ಬರೆಯುತ್ತವೆ, ಎಡವಿದ್ದು ನಿಯತ್ತಿನಲ್ಲಿ.

ಜನ ಬೇಸರಪಡಲಿಲ್ಲ. ಕಸ ಗುಡಿಸುವ ಯಂತ್ರ ಯಾರಿಗೂ ಬೇಕಿರಲಿಲ್ಲ, ಬೇಕಿದ್ದದ್ದು ನ್ಯೂಯಾರ್ಕ್. ಬೇಡಿಕೆ ತಾಳಲಾರದೆ ಸ್ಕಾಟ್ಲೆಂಡಿನ ಕ್ಯಾಂಬಸ್‌ಲ್ಯಾಂಗ್ ಕಾರ್ಖಾನೆ ವಾರದ ಏಳು ದಿನವೂ ನಡೆಯಿತು. ಬಿಚ್ಚದ ಪೆಟ್ಟಿಗೆಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದಾಗ ಹೊಸದನ್ನು ಕೊಳ್ಳುವವರೂ ಕಡಿಮೆಯಾದರು. ಟಿಕೆಟ್ ಸಿಗದವರು ಕೋರ್ಟಿಗೆ ಹೋದರು, ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ರಿಪೇರಿಗೆ ಬಂದ ಹೂವರ್ ವ್ಯಾನನ್ನು ಒಬ್ಬ ಗಿರಾಕಿ ತನ್ನ ಮನೆಯಂಗಳದಲ್ಲೇ ಅಡ್ಡಗಟ್ಟಿ ಇಟ್ಟುಕೊಂಡದ್ದು ಅಲ್ಲಿ ದೊಡ್ಡ ಸುದ್ದಿ. ಕೊನೆಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಹಾರಿದರು, ಕಂಪನಿಗೆ ಸುಮಾರು 5 ಕೋಟಿ ಪೌಂಡು ಖರ್ಚು ಬಿತ್ತು. ಮೇಲಿನ ಮೂವರು ಅಧಿಕಾರಿಗಳ ಕೆಲಸ ಹೋಯಿತು. ಒಡೆತನ ಹೊಂದಿದ್ದ ಅಮೆರಿಕದ ಮೇಟ್ಯಾಗ್ 1995ರಲ್ಲಿ ಹೂವರ್‌ನ ಯುರೋಪ್ ವಹಿವಾಟನ್ನು ನಷ್ಟಕ್ಕೆ ಇಟಲಿಯ ಕ್ಯಾಂಡಿ ಕಂಪನಿಗೆ ಮಾರಿ ಕೈತೊಳೆದುಕೊಂಡಿತು.

349

ಅದೇ 1992, ಫಿಲಿಪೀನ್ಸ್. ಪೆಪ್ಸಿ ಬಾಟಲಿಯ ಮುಚ್ಚಳದೊಳಗೆ 001ರಿಂದ 999ರವರೆಗಿನ ಒಂದು ಸಂಖ್ಯೆ. ಟಿವಿಯಲ್ಲಿ ಗೆದ್ದ ಸಂಖ್ಯೆಯ ಘೋಷಣೆ. ದೊಡ್ಡ ಬಹುಮಾನ 10 ಲಕ್ಷ ಪೆಸೊ. ಮೇ 25ರಂದು 349 ಎಂದು ಸಾರಿದರು. ಆ ಸಂಖ್ಯೆಯ ಮುಚ್ಚಳ ಬೆರಳೆಣಿಕೆಯಷ್ಟಲ್ಲ, ಸುಮಾರು 8 ಲಕ್ಷ ಅಚ್ಚಾಗಿದ್ದವು. ಎಲ್ಲಕ್ಕೂ ಪೂರ್ತಿ ಬಹುಮಾನ ಕೊಡುವುದಾದರೆ 80,000 ಕೋಟಿ ಪೆಸೊ ಬೇಕು.

ಆ ಮುಚ್ಚಳಗಳಲ್ಲಿ ಸರಿಯಾದ ಭದ್ರತಾ ಸಂಕೇತವಿಲ್ಲ ಎಂದಿತು ಕಂಪನಿ. ‘ಸೌಹಾರ್ದ’ಕ್ಕೆಂದು ತಲಾ 500 ಪೆಸೊ ಕೊಟ್ಟಿತು, 4.86 ಲಕ್ಷ ಜನ ತೆಗೆದುಕೊಂಡರು. ಉಳಿದವರ ಸಿಟ್ಟು ಬೀದಿಗೆ ಬಂತು. ಪೆಪ್ಸಿ ಲಾರಿಗಳಿಗೆ ಬೆಂಕಿ ಬಿತ್ತು. 1993ರ ಫೆಬ್ರವರಿಯಲ್ಲಿ ಮನಿಲಾದಲ್ಲಿ ಲಾರಿಯೊಂದಕ್ಕೆ ಎಸೆದ ಬಾಂಬಿಗೆ ಒಬ್ಬ ಶಿಕ್ಷಕಿ, ಒಂದು ಮಗು ಸತ್ತರು. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಂಪನಿ ಹಣ ಕೊಡಬೇಕಿಲ್ಲ ಎಂದಿತು. ಸಂಕೇತವಿದ್ದರೆ ಮಾತ್ರ ಬಹುಮಾನ ಎಂಬ ತರ್ಕ ಕಾನೂನಿಗೆ ಸರಿ ಇರಬಹುದು. ಆದರೆ ಟಿವಿ ಮುಂದೆ ಮುಚ್ಚಳ ಹಿಡಿದು ಕೂತ ಬಡವನ ಕಣ್ಣಿಗೆ ಬಿದ್ದದ್ದು ಸಂಕೇತವಲ್ಲ, ಸಂಖ್ಯೆ. ಅಲ್ಲಿ ಕಾರ್ಲಿಲ್ ತೀರ್ಪಿನ ಧಾಟಿ ಇದ್ದಿದ್ದರೆ ಎಂದು ಓದುವಾಗೆಲ್ಲ ಅನಿಸುತ್ತದೆ.

ಯುದ್ಧವಿಮಾನ

ಇದು ತಿಳಿಹಾಸ್ಯದ ಪ್ರಕರಣ, ಬೇಗ ಮುಗಿಸುತ್ತೇನೆ. 1996ರ ಅಮೆರಿಕದ ಜಾಹೀರಾತಿನಲ್ಲಿ ಹುಡುಗನೊಬ್ಬ ಹ್ಯಾರಿಯರ್ ಜೆಟ್‌ನಲ್ಲಿ ಶಾಲೆಗೆ ಬಂದಿಳಿಯುತ್ತಾನೆ. ಕೆಳಗೆ ‘70 ಲಕ್ಷ ಪೆಪ್ಸಿ ಪಾಯಿಂಟ್’ ಎಂಬ ಬರಹ (ಪೆಪ್ಸಿ ಕೊಂಡವರು ಕೂಡಿಟ್ಟು ಬಹುಮಾನ ಪಡೆಯುವ ಪಾಯಿಂಟ್). ಪಾಯಿಂಟನ್ನು ತಲಾ 10 ಸೆಂಟಿಗೆ ಕೊಳ್ಳಬಹುದೆಂದು ಕಂಪನಿಯೇ ಹೇಳಿತ್ತು. ಲೆನಾರ್ಡ್ ಎಂಬ ವಿದ್ಯಾರ್ಥಿ 15 ಪಾಯಿಂಟ್ ಜೊತೆ 7 ಲಕ್ಷ ಚಿಲ್ಲರೆ ಡಾಲರಿನ ಚೆಕ್ ಕಳಿಸಿ ವಿಮಾನ ಕೇಳಿದ. ಲೆನಾರ್ಡ್ ವಿರುದ್ಧ ಪೆಪ್ಸಿಕೋ, 1999ರ ತೀರ್ಪು: ಎರಡು ಕೋಟಿ ಡಾಲರಿಗೂ ಮೀರಿದ ವಿಮಾನ ಇಷ್ಟಕ್ಕೆ ಸಿಗುತ್ತದೆಂದು ಬುದ್ಧಿ ನೆಟ್ಟಗಿರುವವರು ನಂಬಲಾರರು, ಇದು ತಮಾಷೆ, ಪ್ರಸ್ತಾವವಲ್ಲ. ಕಾರ್ಲಿಲ್‌ಗೆ ಎದುರಾಗಿ ಇಡಬೇಕಾದ ತೀರ್ಪು ಇದು. ಅಲ್ಲಿ ಠೇವಣಿ ಇತ್ತು, ಇಲ್ಲಿ ನಗು. ಆದರೂ ಕಂಪನಿ ಆಮೇಲೆ ಜಾಹೀರಾತಿನ ಅಂಕಿಯನ್ನು 70 ಕೋಟಿಗೆ ಏರಿಸಿ ‘ತಮಾಷೆಗೆ’ ಎಂದು ಸೇರಿಸಿತು ಎಂಬುದನ್ನು ಮರೆಯಬೇಡಿ.

ನಮ್ಮಲ್ಲಿ ಈಗ

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದೇ ಪ್ರಾಧಿಕಾರದ 2022ರ ಜೂನ್ ಮಾರ್ಗಸೂಚಿಯಲ್ಲಿ ನಮಗೆ ಹತ್ತಿರದ ಒಂದು ಅಂಶವಿದೆ: ಜಾಹೀರಾತು ಯಾವ ಭಾಷೆಯಲ್ಲಿ ಹೇಳಿಕೊಳ್ಳುತ್ತದೋ ಅದರ ಶರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕು. ನಾಳೆ ಬಸ್ಸಿನ ಹಿಂಬದಿಯಲ್ಲಿ ‘ಉಚಿತ’ ಎಂದು ಕನ್ನಡದಲ್ಲಿ ದಪ್ಪಗೆ ಕಂಡರೆ, ಅದರ ತಲೆಯ ಮೇಲಿನ ನಕ್ಷತ್ರಚಿಹ್ನೆ ಯಾವ ಭಾಷೆಗೆ ಕರೆದೊಯ್ಯುತ್ತದೆ ಎಂದು ಒಮ್ಮೆ ನೋಡಿ.

ಅಭ್ಯಾಸಕ್ಕೊಂದು ಪ್ರಶ್ನೆ. ಚಿಕ್ಕಪೇಟೆಯ ಒಂದು ಸೀರೆ ಅಂಗಡಿ ಕರಪತ್ರ ಹಂಚುತ್ತದೆ: ‘5,000 ರೂಪಾಯಿ ಖರೀದಿ ಮಾಡಿದ ಮೊದಲ 50 ಮಂದಿಗೆ ಬೆಳ್ಳಿ ದೀಪ.’ ನಲವತ್ತನೆಯವಳಾಗಿ ಬಿಲ್ಲು ಮಾಡಿಸಿದ ಸಾವಿತ್ರಮ್ಮನಿಗೆ ‘ದೀಪ ಮುಗಿದಿದೆ ಅಮ್ಮಾ’ ಎನ್ನುತ್ತಾರೆ. ಕರಪತ್ರವನ್ನು ಆಕೆ ಓದಿದ್ದು ಬಿಲ್ಲಾದ ಮೇಲೆ. ನಾನು ಮೊದಲು ಕಾರ್ಲಿಲ್ ಎಂದು ಬರೆದು, ಕೊನೆಯ ವಾಕ್ಯ ಕಂಡ ಮೇಲೆ ಹೊಡೆದುಹಾಕಿ ಲಾಲ್‌ಮನ್ ಶುಕ್ಲಾ ಎಂದು ತಿದ್ದಿದೆ.